ಮಳೆಗೆ ಹೆದರಿ ಆರಿಸಿದ ಹಲಗೆ ಬೆಂಕಿಗೆ ಸೌದೆಯಾಗದಿರಲಿ: ಬೈಕಂಪಾಡಿಯ ಉದ್ಯಮಿಗಳಿಗೆ ಬಹಿರಂಗ ಪತ್ರ

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್ಡು, ಗೋದಾಮು, ಅಂಗಡಿ, ಕಚೇರಿಗಳ ಮಾಲೀಕರೆಲ್ಲರಿಗೆ,



ನವರಾತ್ರಿ ಕಳೆದು ಮಳೆ ಹಿಂದೆ ಸರಿಯಿತೆಂದರೆ ನಮ್ಮಲ್ಲಿ ಒಳಕೆಲಸಗಳ ಹಂಗಾಮು. ಬೂಷ್ಟು ಹಿಡಿದ ಪಾರ್ಟಿಷನ್ ಕಿತ್ತು ಹೊಸದು ಹಾಕಿಸುವವರು, ಜೋತುಬಿದ್ದ ಫಾಲ್ಸ್ ಸೀಲಿಂಗ್ ಬದಲಿಸುವವರು, ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ಕ್ಯಾಬಿನ್ ಎಬ್ಬಿಸುವವರು, ಎಲ್ಲರೂ ಈ ಹೊತ್ತಿಗೆ ಕೊಟೇಶನ್ ತರಿಸಿಕೊಳ್ಳುತ್ತೀರಿ. ಅದಕ್ಕೆ ಸಹಿ ಹಾಕುವ ಮುನ್ನ ಈ ಪತ್ರವನ್ನು ಒಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಪಣಂಬೂರಿನಿಂದ ಸುರತ್ಕಲ್ಲಿನವರೆಗಿನ ಈ ಪಟ್ಟಿಯಲ್ಲಿ ಕಟ್ಟಡಗಳ ಒಳಕೆಲಸದ ಮೇಲ್ವಿಚಾರಣೆ ಮಾಡಿಕೊಂಡು ಬಂದವನು ನಾನು. ಮಾಲೀಕರ ಜೊತೆ ಕೂತು ಹಲಗೆ ಆರಿಸಿದ್ದೇನೆ, ಮೇಸ್ತ್ರಿಗಳ ಜೊತೆ ಏಣಿ ಹತ್ತಿದ್ದೇನೆ. "ಇದು ನೀರಿಗೆ ಹಾಳಾಗ್ತದಾ?" ಎಂದು ಕೇಳದ ಮಾಲೀಕರು ನನಗೆ ಸಿಕ್ಕಿಲ್ಲ. "ಇದಕ್ಕೆ ಬೆಂಕಿ ಹಿಡಿದರೆ ಏನಾಗ್ತದೆ?" ಎಂದು ತಾವಾಗಿ ಕೇಳಿದವರು ತೀರ ಕಡಿಮೆ. ಇದಕ್ಕೆ ಕಾರಣ ನನಗೆ ಅರ್ಥವಾಗುತ್ತದೆ. ಮಳೆ ಪ್ರತಿ ವರ್ಷ ಬಂದು ನಮ್ಮ ಕಣ್ಣೆದುರೇ ಗೋಡೆ ಕೆಡಿಸುತ್ತದೆ. ಬೆಂಕಿ ಹಾಗಲ್ಲ, ಎಷ್ಟೋ ಕಟ್ಟಡಗಳಿಗೆ ಅದು ಬರುವುದೇ ಇಲ್ಲ. ಕಂಡ ಶತ್ರುವಿಗೆ ಬೇಲಿ ಹಾಕುತ್ತೇವೆ, ಕಾಣದ್ದನ್ನು ಮರೆಯುತ್ತೇವೆ. ಆದರೆ ನೀರು ಕೆಡಿಸುವುದು ಹಲಗೆಯನ್ನು. ಬೆಂಕಿ ಬಂದಾಗ ಹೋಗುವುದು ಹಲಗೆಯ ಕೆಳಗೆ ಕೂತವರ ಜೀವ. ನಾನು ಬರೆಯಬೇಕೆಂದುಕೊಂಡದ್ದು ಇಷ್ಟೇ: ನಮ್ಮ ಊರಿಗೆ ಎರಡನ್ನೂ ತಡೆಯುವ ಹಲಗೆ ಬೇಕು, ಅಂಥದ್ದು ಸಿಗುತ್ತದೆ, ಅದನ್ನು ಕೇಳಿ ಪಡೆಯಬೇಕಾದವರು ನೀವು.

ಮೊದಲು ನೀರಿನ ಮಾತು, ಏಕೆಂದರೆ ಅದೇನೂ ಸಣ್ಣದಲ್ಲ. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿ ಒದ್ದೆ, ಚಪ್ಪಲಿಗೆ ಬೂಷ್ಟು. ಪಡುವಣ ಗಾಳಿಯಲ್ಲಿ ಕಡಲಿನ ಉಪ್ಪೂ ಬರುತ್ತದೆ. ನಮ್ಮ ಶೆಡ್ಡುಗಳ ಮಾಡು ಹೆಚ್ಚಾಗಿ ತಗಡಿನದ್ದು ಅಥವಾ ಹಳೆಯ ಆಸ್ಬೆಸ್ಟಸ್ ಸಿಮೆಂಟ್ ಶೀಟಿನದ್ದು. ಸ್ಕ್ರೂ ಹೊಡೆದ ತೂತಿನಿಂದ ನೀರು ಇಳಿಯುತ್ತದೆ, ಇಳಿಯದಿದ್ದರೂ ರಾತ್ರಿಯ ತಂಪಿಗೆ ತಗಡಿನ ಒಳಮೈಯಲ್ಲಿ ನೀರು ಬೆವತು ತೊಟ್ಟಿಕ್ಕುತ್ತದೆ. ಅದರ ಕೆಳಗೆ ಸಾದಾ ಜಿಪ್ಸಮ್ ಬೋರ್ಡೋ ಪಿ.ಒ.ಪಿ.ಯೋ ಇದ್ದರೆ ಎರಡು ಮಳೆಗಾಲಕ್ಕೆ ಹೊಟ್ಟೆ ಬಿಡುತ್ತದೆ. ಇದನ್ನು ಅನುಭವಿಸಿದ ನೀವು ಏನು ಮಾಡಿದಿರಿ? ಪಿವಿಸಿ ಪ್ಯಾನೆಲ್‌ಗೆ ಹೋದಿರಿ. ತೊಳೆದರೆ ಹೊಳೆಯುತ್ತದೆ, ಒರಲೆ ಹತ್ತುವುದಿಲ್ಲ, ಬಣ್ಣ ಬೇಡ, ಒಂದೇ ದಿನದಲ್ಲಿ ಕೂರಿಸುತ್ತಾರೆ, ಚದರಡಿ ಲೆಕ್ಕದಲ್ಲಿ ಅಗ್ಗ. ನೀರಿನ ಮಟ್ಟಿಗೆ ಅದು ಒಳ್ಳೆಯ ಆಯ್ಕೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಬೆಂಕಿಯ ಮಟ್ಟಿಗೆ ಏನಾಗುತ್ತದೆ ನೋಡಿ. ಪಿವಿಸಿ ತಾನಾಗಿ ಭಗ್ಗನೆ ಉರಿಯುವ ವಸ್ತುವಲ್ಲ, ಜ್ವಾಲೆ ತೆಗೆದರೆ ಆರುತ್ತದೆ. ಅಂಗಡಿಯಲ್ಲಿ ಲೈಟರ್ ಹಿಡಿದು ತೋರಿಸುವುದು ಇದನ್ನೇ. ಆದರೆ ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಬೆಂಕಿ ಎದ್ದರೆ ಬಿಸಿ ಅನಿಲವೆಲ್ಲ ಮೊದಲು ಸೇರುವುದು ಚಾವಣಿಯ ಕೆಳಗೆ. ಆಗ ಪ್ಯಾನೆಲ್ ಬಾಗಿ, ಜಾರಿ, ಕೆಳಗಿದ್ದವರ ಮೇಲೆಯೇ ಬೀಳುತ್ತದೆ. ಸುತ್ತಲಿನ ಬೆಂಕಿಯ ಒತ್ತಿಗೆ ಅದೂ ಸುಡತೊಡಗಿದರೆ ಕಪ್ಪು ದಟ್ಟ ಹೊಗೆ, ಅದರಲ್ಲಿ ಹೈಡ್ರೋಜನ್ ಕ್ಲೋರೈಡ್. ಈ ಅನಿಲ ಕಣ್ಣು, ಮೂಗು, ಶ್ವಾಸಕೋಶದ ತೇವಕ್ಕೆ ತಾಗಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಕಣ್ಣು ಬಿಡಲಾಗದ ಮನುಷ್ಯ ಬಾಗಿಲು ಹುಡುಕುವುದು ಹೇಗೆ? ಕೆಲವು ಕಡೆ ಇನ್ನೂ ಥರ್ಮಾಕೋಲ್ ಹಾಳೆಗಳನ್ನೇ ಚಾವಣಿಗೆ ಅಂಟಿಸಿದ್ದನ್ನು ಕಾಣುತ್ತೇನೆ. ಅದರ ಬಗ್ಗೆ ಚರ್ಚೆಯೇ ಬೇಡ, ದಯವಿಟ್ಟು ಇವತ್ತೇ ಇಳಿಸಿ.

ನಾನು ಕಣ್ಣಾರೆ ಕಂಡ ಒಂದನ್ನು ಇಲ್ಲಿ ಹೇಳಬೇಕು. ಇದೇ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನೊಳಗೆ ಆಫೀಸು ಕ್ಯಾಬಿನ್ ಬಿಚ್ಚುವ ಕೆಲಸ. ಪ್ಲೈವುಡ್ ಪಾರ್ಟಿಷನ್, ಮೇಲೆ ಪಿವಿಸಿ ಸೀಲಿಂಗ್. ಕೆಳಗಿನಿಂದ ನೋಡಿದರೆ ಎಲ್ಲ ಬೆಳ್ಳಗೆ, ಚೊಕ್ಕಟ. ನಡುವಿನ ಒಂದು ಪ್ಯಾನೆಲ್ ಎಳೆದಾಗ ಅದರ ಬೆನ್ನು ಹಸ್ತದಗಲ ಕಂದಿಹೋಗಿತ್ತು. ಮುಟ್ಟಿದರೆ ಅಲ್ಲಿ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯಿತು. ಅದರ ಮೇಲೆ ಎ.ಸಿ. ಯಂತ್ರಕ್ಕೆ ಹೋಗುವ ತಂತಿಯ ಜೋಡಣೆ, ಬರೀ ಟೇಪು ಸುತ್ತಿದ್ದು, ಪೈಪಿಲ್ಲ, ಡಬ್ಬಿಯಿಲ್ಲ. ಟೇಪು ಕರಗಿ ತಂತಿಯ ಕೆಂಪು ತಾಮ್ರ ಕಾಣುತ್ತಿತ್ತು. ಪಕ್ಕದಲ್ಲೇ ಇಲಿ ಎಳೆದು ತಂದ ಕಾಗದದ ಚೂರು. ಅದಕ್ಕೆ ಕಿಡಿ ತಾಗದೆ ಉಳಿದದ್ದು ಯಾರ ಜಾಗ್ರತೆಯಿಂದಲೂ ಅಲ್ಲ. ಕೆಲಸ ಮಾಡಿದ ಹಿರಿಯ ಆಚಾರಿಯವರನ್ನು ಕೇಳಿದೆ. "ಧನಿಗಳು ಪಿವಿಸಿಯೇ ಸಾಕು ಅಂದ್ರು, ನಾವು ಬೇರೆ ಹೇಳಿದ್ರೆ ರೇಟು ಏರಿಸ್ಲಿಕ್ಕೆ ನೋಡ್ತಾರೆ ಅಂತಾರೆ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸರಿಯಾದ ಹಲಗೆ ಹಾಕಲು ತಿಳಿದವರು ನಿಮ್ಮ ಸುತ್ತಲೇ ಇದ್ದಾರೆ, ಅವರಿಗೆ ನಿಮ್ಮಿಂದ ಒಂದು ಮಾತು ಬೇಕು.

ಈ ಎರಡು ಶತ್ರುಗಳನ್ನೂ ಒಟ್ಟಿಗೇ ಎದುರಿಸುವುದು ಈ ಸೀಮೆಗೆ ಹೊಸ ವಿಷಯವೂ ಅಲ್ಲ. ಹುಲ್ಲು, ಮಡಲಿನ ಮಾಡಿನ ಕಾಲದ ಹಳೆಯ ಮನೆಗಳಲ್ಲಿ ಮರದ ಮುಚ್ಚಿಗೆಯ ಮೇಲೆ ಮಣ್ಣು ಮೆತ್ತುವ ಪದ್ಧತಿ ಇತ್ತು. ಮಾಡಿಗೆ ಬೆಂಕಿ ಬಿದ್ದರೂ ಒಳಗಿನ ಜನ, ಭತ್ತ ಉಳಿಯಬೇಕು ಎಂಬ ಲೆಕ್ಕಾಚಾರ ಅದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆ ತೆರೆದರು. ಆ ಹಂಚು ದೇಶದೆಲ್ಲೆಡೆ ಹೋದದ್ದಕ್ಕೆ ಮಳೆ ತಡೆಯುತ್ತದೆ ಎಂಬುದೊಂದೇ ಕಾರಣವಲ್ಲ, ಸುಟ್ಟ ಮಣ್ಣಿಗೆ ಮತ್ತೆ ಬೆಂಕಿ ಹತ್ತುವುದಿಲ್ಲ ಎಂಬುದೂ ಒಂದು ಕಾರಣ. ನೀರಿಗೂ ಬೆಂಕಿಗೂ ಒಂದೇ ಉತ್ತರ ಕೊಟ್ಟ ಊರಿನವರು ನಾವು. ಹಂಚಿನ ಮಾಡಿನ ಕೆಳಗೆ ಪ್ಲಾಸ್ಟಿಕ್ ತೂಗುಹಾಕುವಾಗ ಇದು ನೆನಪಿರಲಿ.

ಈಗ ಹಲಗೆಗಳ ಗುಣಾವಗುಣ.

ಜಿಪ್ಸಮ್ ಬೋರ್ಡ್ ಎಂದರೆ ಮುಖ ಸಿಂಡರಿಸುವವರು ನಿಮ್ಮಲ್ಲಿ ಹಲವರಿದ್ದೀರಿ. ನೀವು ನೋಡಿದ್ದು ಸಾದಾ ಬಿಳಿ ಬೋರ್ಡ್, ಅದು ನಮ್ಮ ಹವೆಗೆ ಹೇಳಿಸಿದ್ದಲ್ಲ. ಆದರೆ ಜಿಪ್ಸಮ್‌ನ ಒಳಗುಟ್ಟು ಕೇಳಿ. ಅದು ಕ್ಯಾಲ್ಸಿಯಂ ಸಲ್ಫೇಟ್, ಅದರ ಹರಳಿನಲ್ಲಿಯೇ ನೀರು ಸೇರಿಕೊಂಡಿರುತ್ತದೆ, ತೂಕದ ಸುಮಾರು ಐದನೇ ಒಂದು ಪಾಲು. ಆರಡಿ-ನಾಲ್ಕಡಿಯ, 12.5 ಮಿ.ಮೀ. ದಪ್ಪದ ಒಂದು ಹಲಗೆಯಲ್ಲಿ ಹೀಗೆ ಮೂರು ಲೀಟರಿಗೂ ಮಿಕ್ಕಿ ನೀರು ಅಡಗಿದೆ. ಮುಟ್ಟಿದರೆ ಒಣ ಹಲಗೆ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೊರಡುತ್ತದೆ. ಅದು ಪೂರ್ತಿ ಮುಗಿಯುವವರೆಗೆ ಹಲಗೆಯ ಹಿಂಬದಿಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದಿರು ಬದಿ ಕುಲುಮೆಯಾಗಿದ್ದರೂ ಹಿಂದಿನ ಕೋಣೆಯವರಿಗೆ ಹೊರಟುಹೋಗಲು ಸಮಯ ಸಿಗುವುದು ಹೀಗೆ. ನೀರು ಮುಗಿದ ಮೇಲೆ ಸಾದಾ ಹಲಗೆ ಬಿರಿದು ಉದುರುತ್ತದೆ. ಬೆಂಕಿ ತಡೆಯುವ ಬೋರ್ಡಿನಲ್ಲಿ ಗಾಜಿನ ನಾರು ಬೆರೆಸಿರುತ್ತಾರೆ, ಅದು ಹಲಗೆಯನ್ನು ಉದುರದ ಹಾಗೆ ಹಿಡಿದಿಟ್ಟು ಇನ್ನಷ್ಟು ಹೊತ್ತು ಕೊಡುತ್ತದೆ.

ತೇವ ತಡೆಯುವ ಬೋರ್ಡಿನಲ್ಲಿ ಸಿಲಿಕೋನಿನಂಥ ವಸ್ತುವನ್ನು ಜಿಪ್ಸಮ್ ಜೊತೆಗೇ ಕಲಸಿರುತ್ತಾರೆ, ಮೇಲಿನ ಕಾಗದಕ್ಕೂ ಬೂಷ್ಟು ಹಿಡಿಯದಂತೆ ಔಷಧ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಹಸಿರು ಕಾಗದ ತೇವದ್ದು, ಗುಲಾಬಿ ಬೆಂಕಿಯದ್ದು. ಇಲ್ಲೇ ಮೋಸಹೋಗುವುದು. ಹಸಿರಿನದ್ದಕ್ಕೆ ಬೆಂಕಿಯ ನಾರು ಇರಬೇಕೆಂದಿಲ್ಲ, ಗುಲಾಬಿಗೆ ತೇವ ತಡೆಯುವ ಶಕ್ತಿ ಇರಬೇಕೆಂದಿಲ್ಲ. ಎರಡೂ ಗುಣ ಸೇರಿದ ಬೋರ್ಡುಗಳನ್ನು ಬೇರೆಯೇ ಮಾಡುತ್ತಾರೆ. "ಹಸಿರು ಬೋರ್ಡ್ ಕೊಡಿ" ಎಂದರೆ ಸಾಲದು. ತೇವ ಮತ್ತು ಬೆಂಕಿ ಎರಡಕ್ಕೂ ಪರೀಕ್ಷೆಯಾದದ್ದು ಬೇಕು ಎಂದು ಬಾಯಿ ಬಿಟ್ಟು ಕೇಳಿ, ಬಿಲ್ಲಿನಲ್ಲಿ ಹಾಗೆಯೇ ಬರೆಸಿ. ತೇವದ ಪರೀಕ್ಷೆಯನ್ನು ನೀವೂ ಒಂದು ಮಟ್ಟಿಗೆ ಮಾಡಬಹುದು. ಒಂದಡಿ ಚೌಕದ ತುಂಡು ತೂಗಿ, ಎರಡು ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಯುರೋಪಿನ ಮಾನಕದ ಪ್ರಕಾರ ಅತ್ಯುತ್ತಮ ದರ್ಜೆಯ ಹಲಗೆ ನೂರಕ್ಕೆ ಐದಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಇಷ್ಟಾದರೂ ಅದು ತೇವ ತಡೆಯುವ ಹಲಗೆ ಮಾತ್ರ. ಸೋರುವ ಮಾಡಿನ ಕೆಳಗೆ ಯಾವ ಜಿಪ್ಸಮ್ಮೂ ಬಾಳುವುದಿಲ್ಲ. ಮೊದಲು ಮಾಡು ರಿಪೇರಿ, ಆಮೇಲೆ ಸೀಲಿಂಗ್.

ಪ್ಲೈವುಡ್ ವಿಷಯದಲ್ಲಿ ನನಗೆ ಹೆಚ್ಚು ಕಳವಳ. ಬೈಕಂಪಾಡಿಯಲ್ಲಿ ಮರ, ಪ್ಲೈವುಡ್ ಕೈಗೆಟುಕುವಷ್ಟು ಹತ್ತಿರ, ಕೆಲಸಗಾರರ ಕೈ ಪಳಗಿರುವುದೂ ಅದರಲ್ಲೇ, ಹಾಗಾಗಿ ಪಾರ್ಟಿಷನ್ ಎಂದರೆ ಪ್ಲೈ. ಅಂಗಡಿಯಲ್ಲಿ ಎಂ.ಆರ್. ದರ್ಜೆ ಎಂದರೆ ತೇವ ತಡೆಯುವುದು ಎಂದೇ ಹೇಳಿ ಕೊಡುತ್ತಾರೆ. ಐಎಸ್ 303 ಮಾನಕದಲ್ಲಿ ಎಂ.ಆರ್. ಎಂಬುದು ಕೆಳಗಿನ ದರ್ಜೆ. ಅದರ ಯೂರಿಯಾ ಅಂಟು ಒಣ ಊರಿನ ಒಳಕೋಣೆಗೆ ಸರಿ, ನಮ್ಮ ಆಟಿಗೆ ಪದರ ಬಿಡುತ್ತದೆ. ಐಎಸ್ 710ರ ಮರೈನ್ ಪ್ಲೈವುಡ್ಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷಿಸುತ್ತಾರೆ. ನೀರಿಗೆ ಅದು ನಿಜವಾಗಿ ಗಟ್ಟಿ. ಬೆಂಕಿಗೆ ಅದೂ ಮರವೇ. ಬೆಂಕಿ ನಿಧಾನಿಸುವ ಪ್ಲೈವುಡ್ಡಿನ ಮಾನಕ ಐಎಸ್ 5509, ಅದೇ ಬೇರೆ. ಅದಕ್ಕೆ ಲವಣಗಳನ್ನು ಕುಡಿಸಿರುತ್ತಾರೆ. ಅಂಥ ಲವಣಗಳಲ್ಲಿ ಕೆಲವು ಗಾಳಿಯ ತೇವ ಹೀರುತ್ತವೆ, ನೀರಿಗೆ ತೊಳೆದುಹೋಗುತ್ತವೆ, ಮೊಳೆಗೆ ತುಕ್ಕು ತರುತ್ತವೆ. ಹಾಗಾಗಿ ಒಣಗಿರುವ ಒಳಕೋಣೆಯ ಕಪಾಟು, ಮೇಜಿಗೆ ಅದನ್ನು ಬಳಸಿ. ಕ್ಯಾಂಟೀನಿನ ಗೋಡೆಗೆ, ಬಚ್ಚಲಿನ ಪಕ್ಕಕ್ಕೆ ಬೇಡ.

ಅಂಥ ಕಡೆಗೆ ನಾನು ಧೈರ್ಯವಾಗಿ ಹೇಳುವುದು ಫೈಬರ್ ಸಿಮೆಂಟ್ ಬೋರ್ಡ್ ಮತ್ತು ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್. ಸಿಮೆಂಟು, ಸಿಲಿಕಾ, ನಾರು ಸೇರಿಸಿ ಒತ್ತಿ ಆವಿಯಲ್ಲಿ ಬೇಯಿಸಿದ ಹಲಗೆಗಳಿವು. ನೆನೆದರೆ ಉಬ್ಬುವುದಿಲ್ಲ, ಒರಲೆಗೆ ತಿನ್ನಲು ಏನೂ ಇಲ್ಲ, ಬೆಂಕಿಗೆ ಉಣಿಸಾಗುವುದಿಲ್ಲ. ಫೈಬರ್ ಸಿಮೆಂಟ್ ಹಾಳೆಗೆ ಐಎಸ್ 14862 ಮಾನಕವಿದೆ, ಹಲಗೆಯ ಬೆನ್ನ ಮೇಲೆ ಅಚ್ಚು ಹುಡುಕಿ. ಆಸ್ಬೆಸ್ಟಸ್ ಇಲ್ಲದ್ದು ಎಂಬುದನ್ನು ಬರಹದಲ್ಲಿ ಕೇಳಿ, ನಮ್ಮ ದೇಶದಲ್ಲಿ ಅದರ ಬಳಕೆ ಇನ್ನೂ ನಿಂತಿಲ್ಲ. ಈ ಹಲಗೆಗಳಲ್ಲಿ ಎರಡು ತೊಡಕು ಮಾತ್ರ. ಭಾರ ಹೆಚ್ಚು, ಆದ್ದರಿಂದ ಮೇಲಿನ ಚೌಕಟ್ಟು ಗಟ್ಟಿ ಬೇಕು. ಕೊಯ್ಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಹುಡುಗರ ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಹೊರಗೆ ಬಯಲಿನಲ್ಲಿ, ನೀರು ಚಿಮುಕಿಸಿ, ಸರಿಯಾದ ಮಾಸ್ಕ್ ಹಾಕಿಸಿ ಕೊಯ್ಯಿಸಿ. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಸಾಲದು.

ಇನ್ನೊಂದು ಹಲಗೆ ಇತ್ತೀಚೆಗೆ "ನೀರಿಗೂ ಆಗ್ತದೆ, ಬೆಂಕಿಗೂ ಆಗ್ತದೆ" ಎಂಬ ಹೊಗಳಿಕೆಯೊಡನೆ ಬರುತ್ತಿದೆ: ಮೆಗ್ನೀಷಿಯಂ ಆಕ್ಸೈಡ್ ಬೋರ್ಡ್. ಬೆಂಕಿಯ ಮಾತು ನಿಜ. ನೀರಿನ ಮಾತಿಗೆ ಡೆನ್ಮಾರ್ಕಿನ ಕಥೆ ಕೇಳಿ. ಅಲ್ಲಿ 2010ರ ಆಸುಪಾಸಿನಿಂದ ಸಾವಿರಾರು ಮನೆಗಳ ಹೊರಗೋಡೆಯೊಳಗೆ ಈ ಹಲಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಹಲಗೆಗಳು ಚಳಿಗಾಲದ ತೇವಗಾಳಿಯನ್ನು ಹೀರಿ ಉಪ್ಪುನೀರಿನ ಹನಿ ಸುರಿಸತೊಡಗಿದವು. ಹಲಗೆಯಲ್ಲಿದ್ದ ಕ್ಲೋರೈಡ್ ಆ ಹನಿಯಲ್ಲಿಳಿದು ಸ್ಕ್ರೂ, ಕೊಂಡಿಗಳನ್ನು ತಿಂದುಹಾಕಿತು, ಪಕ್ಕದ ಮರ ಕೊಳೆಯಿತು, ಕಳಚಿ ಬದಲಿಸುವ ಖರ್ಚಿನ ಜಗಳ ನ್ಯಾಯಾಲಯಕ್ಕೆ ಹೋಯಿತು. ಡೆನ್ಮಾರ್ಕಿನ ಚಳಿಗಾಲದ ತೇವಕ್ಕೇ ಹೀಗಾದರೆ ನಮ್ಮ ನಾಲ್ಕು ತಿಂಗಳ ಮಳೆಗೆ ಏನು ಗತಿ? ಎಲ್ಲ ತಯಾರಕರ ಹಲಗೆಯೂ ಹಾಗೆಂದಲ್ಲ. ಕ್ಲೋರೈಡ್ ಇಲ್ಲದ ಬಗೆಯೂ ಇದೆ. ಆದರೆ ಕ್ಲೋರೈಡ್ ಪ್ರಮಾಣದ ಪರೀಕ್ಷಾ ವರದಿ ತೋರಿಸದವರಿಂದ ಇದನ್ನು ಕೊಳ್ಳಬೇಡಿ.

ಹಲಗೆಯಷ್ಟೇ ಮುಖ್ಯ ಅದನ್ನು ಹಿಡಿದಿರುವ ಲೋಹ. ಒಳ್ಳೆಯ ಬೋರ್ಡ್ ತರಿಸಿ, ತೆಳು ಚಾನೆಲ್, ಕಪ್ಪು ಸ್ಕ್ರೂ ಹಾಕಿ ಕೆಡಿಸಿದ ಸೀಲಿಂಗ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಮಳೆಗಾಲದಲ್ಲಿ ಬಿಳಿ ಪೇಂಟಿನ ಮೇಲೆ ಗೆರೆ ಎಳೆದ ಹಾಗೆ ಸಾಲಾಗಿ ಕಂದು ಚುಕ್ಕೆ ಏಳುತ್ತವೆ. ಪುಟ್ಟಿಯ ಕೆಳಗಿನ ಸ್ಕ್ರೂ ತಲೆ ತುಕ್ಕು ಹಿಡಿದ ಗುರುತು ಅದು. ಹೆಬ್ಬೆರಳಿನಿಂದ ಒತ್ತಿ ನೋಡಿ, ಹಲಗೆ ಮೆಲ್ಲಗೆ ಅಲುಗಾಡಿದರೆ ಸ್ಕ್ರೂವಿನ ಕುತ್ತಿಗೆ ಸವೆದಿದೆ ಎಂದರ್ಥ. ಕಡಲ ಗಾಳಿಗೆ ಸತು ಚೆನ್ನಾಗಿ ಲೇಪಿಸಿದ ಚಾನೆಲ್ ಬೇಕು, ಸ್ಕ್ರೂ ಸತು ಲೇಪಿಸಿದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಇರಬೇಕು. ಕೊಯ್ದ ತುದಿಗಳಿಗೆ ಸತುವಿನ ಪೇಂಟ್ ಬಳಿಸಿ. ಪಾರ್ಟಿಷನ್ ಹಲಗೆಯನ್ನು ನೆಲಕ್ಕೆ ತಾಗಿಸಬೇಡಿ. ಒಂದು ಬೆರಳಿನಷ್ಟು ಎತ್ತರದಲ್ಲಿ ನಿಲ್ಲಿಸಿ ಆ ಸಂದನ್ನು ಬೆಂಕಿ ತಡೆಯುವ ಸೀಲಂಟಿನಿಂದ ತುಂಬಿಸಿ. ನೆಲ ಒರೆಸಿದ ನೀರು ಕಾಲಿನಿಂದ ಮೇಲೇರಿಯೇ ಎಷ್ಟೋ ಹಸಿರು ಬೋರ್ಡುಗಳು ಊದಿಕೊಂಡಿವೆ.

ಇನ್ನು "ಒಂದು ಗಂಟೆ ಬೆಂಕಿ ತಡೀತದೆ, ಎರಡು ಗಂಟೆ ತಡೀತದೆ" ಎಂಬ ಮಾತು. ಇದನ್ನು ಹೇಳಿದವರನ್ನು "ತಡೆಯುವುದು ಯಾವುದು, ಬರೀ ಹಲಗೆಯೋ ಇಡೀ ಗೋಡೆಯೋ?" ಎಂದು ತಿರುಗಿ ಕೇಳಿ. ಬರೀ ಹಲಗೆಗೆ ಗಂಟೆಯ ಲೆಕ್ಕ ಇಲ್ಲ. ಕುಲುಮೆಯೆದುರು ನಿಲ್ಲಿಸಿ ಪರೀಕ್ಷಿಸುವುದು ಇಡೀ ಗೋಡೆಯನ್ನು: ಎರಡೂ ಬದಿಯ ಹಲಗೆ, ಅದರ ದಪ್ಪ, ನಡುವಿನ ಚಾನೆಲ್ ಎಷ್ಟು ದೂರಕ್ಕೊಂದು, ಸ್ಕ್ರೂ ಎಷ್ಟು ಅಂತರಕ್ಕೊಂದು, ಒಳಗೆ ತುಂಬಿದ ರಾಕ್‌ವೂಲ್ ಎಷ್ಟು ದಟ್ಟ, ಎಲ್ಲವೂ ಸೇರಿ. ಇದರಲ್ಲಿ ಒಂದನ್ನು ಬದಲಿಸಿದರೂ ಆ ಗಂಟೆ ನಿಮ್ಮದಲ್ಲ. ವರದಿಯ ಪ್ರತಿ ಕೇಳಿ, ಅದರಲ್ಲಿರುವ ಹಾಗೆಯೇ ಕಟ್ಟಿಸಿ. ಮತ್ತೆ, ಪಾರ್ಟಿಷನ್ ಫಾಲ್ಸ್ ಸೀಲಿಂಗ್‌ನ ಮಟ್ಟಕ್ಕೆ ನಿಲ್ಲಬಾರದು, ಸ್ಲ್ಯಾಬಿನವರೆಗೆ ಹೋಗಬೇಕು. ನಮ್ಮ ಶೆಡ್ಡುಗಳಲ್ಲಿ ಬಹುತೇಕ ಕ್ಯಾಬಿನ್‌ಗಳು ಎಂಟಡಿಗೆ ನಿಂತುಬಿಡುತ್ತವೆ. ಯಂತ್ರದ ಬದಿಯಲ್ಲಿ ಎದ್ದ ಹೊಗೆ ಆ ಮೇಲಿನ ಖಾಲಿಯಿಂದ ಆರಾಮವಾಗಿ ದಾಟಿ ಸೀಲಿಂಗ್ ಸಂದಿನಲ್ಲಿ ಇಳಿಯುತ್ತದೆ. ಸ್ಲ್ಯಾಬ್ ಇಲ್ಲದ ಶೆಡ್ಡಿನಲ್ಲಿ ಕ್ಯಾಬಿನ್‌ಗೆ ಅದರದೇ ಬೆಂಕಿ ತಡೆಯುವ ಮುಚ್ಚಿಗೆ ಹಾಕಿಸಬೇಕು. ತಂತಿ, ಪೈಪು ಹಾದ ತೂತುಗಳನ್ನು ಬೆಂಕಿ ತಡೆಯುವ ಸೀಲಂಟಿನಿಂದ ತುಂಬಬೇಕು. ಮೇಸ್ತ್ರಿಗಳು ಅಲ್ಲಿ ಹಳೆಯ ಪೇಪರ್ ತುರುಕಿ ಪುಟ್ಟಿ ಬಳಿಯುವುದನ್ನು ದಯವಿಟ್ಟು ಒಪ್ಪಬೇಡಿ.

ಹೊಗೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ತೀರಿಕೊಂಡರು. ವಿದ್ಯುತ್ ತಂತಿಗಳು ಹಾದ ಡಕ್ಟಿನಲ್ಲಿ ಹುಟ್ಟಿದ ಬೆಂಕಿ ಅದು. ಜ್ವಾಲೆ ಎಲ್ಲೆಡೆ ಹಬ್ಬಲಿಲ್ಲ, ಹೊಗೆ ಹಬ್ಬಿತು. ಉಸಿರು ಸಿಗದೆ ಕಿಟಕಿ ಒಡೆದು ಹಾರಿದವರೂ ಇದ್ದರು. ಅವರೆಲ್ಲ ನಿಮ್ಮ ಆಫೀಸಿನವರಂತೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದ ಜನ. 2013ರ ಜನವರಿ 27ರಂದು ಬ್ರೆಜಿಲಿನ ಸಾಂತಾ ಮರಿಯಾದ ಕಿಸ್ ಎಂಬ ನೈಟ್ ಕ್ಲಬ್ಬಿನಲ್ಲಿ 242 ಜನ ಸತ್ತರು. ಶಬ್ದ ಹೀರಲೆಂದು ಚಾವಣಿಗೆ ಅಂಟಿಸಿದ್ದ ಫೋಮಿಗೆ ಕಿಡಿ ತಾಗಿತ್ತು, ವಿಷದ ಹೊಗೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಿತು. ಕಟ್ಟಡ ಕಲ್ಲಿನದ್ದೋ ಕಾಂಕ್ರೀಟಿನದ್ದೋ ಎಂಬುದು ಅಲ್ಲಿ ಯಾರನ್ನೂ ಉಳಿಸಲಿಲ್ಲ. ಒಳಮೈಗೆ ಹಚ್ಚಿದ್ದು ಏನು ಎಂಬುದು ಅಲ್ಲಿ ದೊಡ್ಡ ಪಾತ್ರ ವಹಿಸಿತು. 2016ರ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಒಳಮೈಯ ಹೊದಿಕೆಗಳನ್ನು ಜ್ವಾಲೆ ಹಬ್ಬುವ ವೇಗದ ಮೇಲೆ ನಾಲ್ಕು ವರ್ಗ ಮಾಡಿದೆ. ಎಲ್ಲಿ ಬೇಕಾದರೂ ಬಳಸಬಹುದಾದ್ದು ಒಂದನೇ ವರ್ಗ ಮಾತ್ರ. ಮೆಟ್ಟಿಲು, ಓಣಿಗಳಿಗೆ ಅದೇ ಆಗಬೇಕು. ನಿಮ್ಮ ಕೊಟೇಶನ್ನಿನಲ್ಲಿ ಈ ವರ್ಗದ ಹೆಸರೇ ಇರುವುದಿಲ್ಲ, ಕೇಳಿದರೆ ಬರೆದುಕೊಡುತ್ತಾರೆ.

ನೀವು ಬೆಂಕಿಯ ಬಗ್ಗೆ ಅಸಡ್ಡೆಯವರಲ್ಲ ಎಂಬುದು ನನಗೆ ಗೊತ್ತು. ಒಂದು ಬದಿಗೆ ಬಂದರು, ಇನ್ನೊಂದು ಬದಿಗೆ ತೈಲ ಶುದ್ಧೀಕರಣಾಗಾರ, ರಸಗೊಬ್ಬರದ ಕಾರ್ಖಾನೆ, ಹೆದ್ದಾರಿ 66ರಲ್ಲಿ ಸಾಲುಸಾಲು ಗ್ಯಾಸ್ ಟ್ಯಾಂಕರು. ಇವುಗಳ ನಡುವೆ ಬದುಕುವ ನೀವು ಯಂತ್ರದ ಪಕ್ಕ ಕೆಂಪು ಸಿಲಿಂಡರ್ ತೂಗುಹಾಕಿದ್ದೀರಿ, ಬೀಡಿ-ಸಿಗರೇಟಿಗೆ ನಿಷೇಧದ ಬೋರ್ಡ್ ಹಾಕಿದ್ದೀರಿ. ಆ ಎಚ್ಚರ ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತುಬಿಡುತ್ತದೆ ಎಂಬುದೇ ನನ್ನ ಸಂಕಟ. ಅದಕ್ಕಿಂತ ದೊಡ್ಡ ಸಂಕಟ ಶೆಡ್ಡಿನ ಹಿಂಬದಿಯ ಕೋಣೆಗಳದ್ದು. ಹೊರರಾಜ್ಯಗಳಿಂದ ಬಂದ ಹುಡುಗರು ಅಲ್ಲಿ ಮಲಗುತ್ತಾರೆ. ಪ್ಯಾಕಿಂಗ್ ಪೆಟ್ಟಿಗೆಯ ಪ್ಲೈಯನ್ನೇ ಬಡಿದು ಮಾಡಿದ ಗೋಡೆ, ಒಂದೇ ಬಾಗಿಲು, ಮೂಲೆಯಲ್ಲಿ ಗ್ಯಾಸ್ ಒಲೆ, ಒಂದು ಪ್ಲಗ್ಗಿಗೆ ನೇತುಹಾಕಿದ ನಾಲ್ಕಾರು ಮೊಬೈಲ್ ಚಾರ್ಜರ್. ಇಡೀ ದಿನ ದುಡಿದವರಿಗೆ ನಿದ್ದೆಯಲ್ಲಿ ಹೊಗೆಯ ವಾಸನೆಗೆ ಎಚ್ಚರವಾಗುವುದಿಲ್ಲ. ನಿಮ್ಮಲ್ಲಿ ಹಣ ಇರುವುದು ಒಂದೇ ಕೋಣೆಯ ಹಲಗೆಗಾದರೆ ಮ್ಯಾನೇಜರರ ಕ್ಯಾಬಿನ್ ಹಾಗೇ ಇರಲಿ, ಆ ಕೋಣೆಗೆ ಮೊದಲು ಸಿಮೆಂಟ್ ಬೋರ್ಡ್ ಹಾಕಿಸಿ, ಒಲೆಯನ್ನು ಹೊರಗಿಡಿಸಿ, ಇನ್ನೊಂದು ಬಾಗಿಲು ತೆಗೆಸಿ.

ಖರ್ಚಿನ ಪ್ರಶ್ನೆ ನೀವು ಎತ್ತೇ ಎತ್ತುತ್ತೀರಿ, ಎತ್ತಬೇಕು ಕೂಡ. ಪಿವಿಸಿಗಿಂತ ಇದು ದುಬಾರಿಯೇ. ಆದರೆ ಲೆಕ್ಕ ಹಾಕುವಾಗ ಹಲಗೆಯ ರೇಟನ್ನಷ್ಟೇ ಎದುರುಬದುರು ಇಡಬೇಡಿ. ಸೀಲಿಂಗ್ ಕೆಲಸದ ಒಟ್ಟು ಬಿಲ್ಲಿನಲ್ಲಿ ಚಾನೆಲ್, ಕೂಲಿ, ಪೇಂಟು, ಲೈಟು ಎಲ್ಲ ಇರುತ್ತವೆ, ಹಲಗೆ ಅದರಲ್ಲಿ ಒಂದು ಪಾಲು. ಎಲ್ಲ ಕಡೆ ಒಂದೇ ಹಲಗೆಯೂ ಬೇಡ. ಕ್ಯಾಂಟೀನ್, ಬಚ್ಚಲು, ಬಾಯ್ಲರಿನ ಬದಿ, ಮಲಗುವ ಕೋಣೆಗೆ ಸಿಮೆಂಟ್ ಅಥವಾ ಕ್ಯಾಲ್ಸಿಯಂ ಸಿಲಿಕೇಟ್. ಆಫೀಸು, ಓಣಿ, ಸಭಾಕೋಣೆಗೆ ಎರಡೂ ಗುಣದ ಜಿಪ್ಸಮ್. ಪಿವಿಸಿ ಬಿಡಲಾರೆ ಎನ್ನುವವರು ಹೊರಗಿನ ತೆರೆದ ಜಗಲಿಗೆ ಬಳಸಿ, ಅಲ್ಲಿ ಹೊಗೆ ಕಟ್ಟಿಕೊಳ್ಳುವುದಿಲ್ಲ.

ನಿಮ್ಮಲ್ಲಿ ಹಲವರು ಕೆನರಾ ಸ್ಮಾಲ್ ಇಂಡಸ್ಟ್ರೀಸ್ ಅಸೋಸಿಯೇಶನ್ನಿನ ಸದಸ್ಯರು. ಸಂಘಕ್ಕೂ ಒಂದು ವಿನಂತಿ. ಮುಂದಿನ ಸಭೆಯ ದಿನ ಅಂಗಳದಲ್ಲಿ ಈ ಎಲ್ಲ ಹಲಗೆಗಳ ತುಂಡುಗಳನ್ನು ಇಡಿಸಿ. ಬೆಳಿಗ್ಗೆಯೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಸಂಜೆ ತೂಗಿಸಿ, ಅಗ್ನಿಶಾಮಕ ದಳದವರನ್ನು ಕರೆದು ಅವರ ಸಮ್ಮುಖದಲ್ಲಿ ಬೆಂಕಿಗೆ ಒಡ್ಡಿಸಿ. ಮಾಲೀಕರ ಜೊತೆ ಆಚಾರಿಗಳನ್ನೂ ಸೀಲಿಂಗ್ ಮೇಸ್ತ್ರಿಗಳನ್ನೂ ಇಲೆಕ್ಟ್ರಿಷಿಯನ್‌ಗಳನ್ನೂ ಕರೆಯಿರಿ, ಅವರ ಆ ದಿನದ ಕೂಲಿ ಕೊಟ್ಟು ಕರೆಯಿರಿ. ಹಲಗೆ ಕೊಯ್ಯುವುದು, ಸಂದು ಮುಚ್ಚುವುದು ಕೊನೆಗೆ ಅವರ ಕೈಯಲ್ಲಿದೆ. ತುಂಡುಗಳನ್ನು ಒಟ್ಟುಮಾಡುವುದಕ್ಕೂ ತೂಗುವುದಕ್ಕೂ ನಾನು ಬಂದು ನಿಲ್ಲುತ್ತೇನೆ. ಈಗಾಗಲೇ ಕೊಟೇಶನ್ ಕೈಯಲ್ಲಿರುವವರು ಸಭೆಗೆ ಕಾಯಬೇಡಿ. ಅದನ್ನು ಕೊಟ್ಟವರಿಗೆ ಇವತ್ತೇ ಫೋನ್ ಮಾಡಿ, ಹಲಗೆಯ ಮಾನಕದ ಸಂಖ್ಯೆ, ಬೆಂಕಿಯ ವರ್ಗ, ಸ್ಕ್ರೂವಿನ ಲೇಪನ, ಈ ಮೂರನ್ನು ಬರೆದು ಕಳಿಸಲು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಒಳಾಂಗಣ ಕಾಮಗಾರಿಯ ಒಬ್ಬ ಮೇಲ್ವಿಚಾರಕ
ಕುಳಾಯಿ, ಮಂಗಳೂರು